ಕೋಣಗಳ ಕಾಳಗ, ಕಾವಲಿನ ಹುಲ್ಲು



ಅಮೆರಿಕ ಸಂಯುಕ್ತ ಸಂಸ್ಥಾನವು ಜಗತ್ತಿನ ಏಕೈಕ ಮಹಾಶಕ್ತಿಯೆಂಬ ಪಟ್ಟವನ್ನು ಉಳಿಸಿಕೊಳ್ಳಲು ಹೆಣಗುತ್ತಿರುವುದು, ಚೀನಾ ಆ ಪಟ್ಟಕ್ಕೆ ಸವಾಲೊಡ್ಡುತ್ತಿರುವುದು, ಭಾರತವು ಇವೆರಡರ ನಡುವೆ ತನ್ನ ಸ್ಥಾನವನ್ನು ಹುಡುಕುತ್ತಿರುವುದು, ಇವೆಲ್ಲ ಪತ್ರಿಕೆಗಳ ವಿದೇಶ ಪುಟಕ್ಕೆ ಸೇರಿದ ಸಂಗತಿಗಳೆಂದು ತೋರುತ್ತವೆ. ಮಳೆ ಬಂದರೆ ಶೇಂಗಾ, ಬಾರದಿದ್ದರೆ ಗುಳೆ ಎಂಬಂತೆ ಬದುಕುವ ಚಳ್ಳಕೆರೆ ಮತ್ತು ಮೊಳಕಾಲ್ಮೂರು ಸೀಮೆಗೂ ಇದಕ್ಕೂ ಏನು ಸಂಬಂಧವೆಂದು ಯಾರಿಗಾದರೂ ಅನ್ನಿಸಬಹುದು. ಆದರೆ ದೊಡ್ಡ ಶಕ್ತಿಗಳ ಪೈಪೋಟಿಯು ನೆಲಕ್ಕೆ ಇಳಿದಾಗ ಹೇಗೆ ಕಾಣುತ್ತದೆ ಎಂಬುದನ್ನು ಅರಿಯಲು ಈ ಎರಡು ತಾಲ್ಲೂಕುಗಳಿಗಿಂತ ತಕ್ಕ ಜಾಗ ಕರ್ನಾಟಕದಲ್ಲಿ ದೊರೆಯುವುದು ಕಷ್ಟ. ಕೋಣಗಳೆರಡು ಕಾದಾಡಿದರೆ ನಡುವಿನ ಗಿಡಕ್ಕೆ ಕೇಡು ಎಂಬುದು ಕನ್ನಡದ ಹಳೆಯ ತಿಳಿವಳಿಕೆ. ಇಲ್ಲಿ ಗಿಡದ ಸ್ಥಾನದಲ್ಲಿ ನಿಂತಿರುವುದು ಕಾವಲಿನ ಹುಲ್ಲು.

ಹಳೆಯ ಪೈಪೋಟಿ, ಹಳೆಯ ವಿವೇಕ

ಏಳುತ್ತಿರುವ ಶಕ್ತಿಯನ್ನು ಕಂಡು ನೆಲೆನಿಂತ ಶಕ್ತಿಯು ಭಯಪಡುವುದು ಹೊಸದೇನಲ್ಲ. ಎರಡು ಸಾವಿರದ ನಾನೂರು ವರ್ಷಗಳ ಹಿಂದೆ ಅಥೆನ್ಸ್ ಬೆಳೆದಾಗ ಸ್ಪಾರ್ಟಾಕ್ಕೆ ಹುಟ್ಟಿದ ಭೀತಿಯೇ ಅವೆರಡರ ದೀರ್ಘ ಯುದ್ಧಕ್ಕೆ ಕಾರಣವಾಯಿತೆಂದು ಗ್ರೀಕ್ ಇತಿಹಾಸಕಾರ ಥ್ಯುಸಿಡಿಡೀಸ್ ಬರೆದಿಟ್ಟನು. ಅಮೆರಿಕದ ವಿದ್ವಾಂಸ ಗ್ರಹಾಂ ಆಲಿಸನ್ 2017ರ ತಮ್ಮ ಪುಸ್ತಕದಲ್ಲಿ ಕಳೆದ ಐದು ಶತಮಾನಗಳ ಇಂತಹ 16 ಪ್ರಸಂಗಗಳನ್ನು ಪರಿಶೀಲಿಸಿ, ಅವುಗಳಲ್ಲಿ 12 ಯುದ್ಧದಲ್ಲಿ ಕೊನೆಗೊಂಡವೆಂದು ಎಣಿಸಿದ್ದಾರೆ.

ಈ ವಿಚಾರಕ್ಕಾಗಿ ಗ್ರೀಸಿನವರೆಗೆ ಹೋಗಬೇಕಾದ ಅಗತ್ಯವೂ ಇಲ್ಲ. ಕೌಟಿಲ್ಯನದೆಂದು ಪ್ರಸಿದ್ಧವಾದ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಮೈಸೂರಿನ ಓರಿಯಂಟಲ್ ಗ್ರಂಥಾಲಯದಲ್ಲಿ 1905ರಲ್ಲಿ ಗುರುತಿಸಿ, 1909ರಲ್ಲಿ ಮುದ್ರಿಸಿದವರು ಆರ್. ಶಾಮಶಾಸ್ತ್ರಿಗಳು. ಗೆಲುವನ್ನು ಬಯಸುವ ರಾಜನಿಗೆ ಆ ಗ್ರಂಥ 'ವಿಜಿಗೀಷು' ಎಂದು ಹೆಸರಿಡುತ್ತದೆ. ಅವನ ನೆರೆಯವನು ಸಹಜ ಶತ್ರು, ನೆರೆಯವನ ನೆರೆಯವನು ಸಹಜ ಮಿತ್ರ ಎಂಬ ಮಂಡಲ ಸಿದ್ಧಾಂತವನ್ನು ಅದು ವಿವರಿಸುತ್ತದೆ. ಭಾರತ, ಚೀನಾ, ಪಾಕಿಸ್ತಾನ, ಅಮೆರಿಕಗಳ ಇಂದಿನ ನಡೆಗಳನ್ನು ಈ ಮಂಡಲದ ಮೇಲಿಟ್ಟು ನೋಡಬಹುದು. ಆದರೆ ಅದೇ ಗ್ರಂಥದಲ್ಲಿ ಹೆಚ್ಚು ಜನ ಗಮನಿಸದ ಇನ್ನೊಂದು ಮಾತೂ ಉಂಟು. ಉಳುಮೆಗೆ ಬಾರದ ಭೂಮಿಯನ್ನು ದನಕರುಗಳ ಹುಲ್ಲುಗಾವಲಾಗಿ ಬಿಡಬೇಕು, ಅದನ್ನು ನೋಡಿಕೊಳ್ಳಲು ಒಬ್ಬ ಅಧ್ಯಕ್ಷನಿರಬೇಕು ಎಂದು ಅದು ವಿಧಿಸುತ್ತದೆ. ರಾಜ್ಯ ಗೆಲ್ಲುವ ತಂತ್ರವನ್ನು ಹೇಳಿಕೊಡುವ ಶಾಸ್ತ್ರಕಾರನಿಗೂ ಹುಲ್ಲುಗಾವಲು ಪಾಳುಭೂಮಿಯಾಗಿ ಕಂಡಿರಲಿಲ್ಲ.

ಮೊಳಕಾಲ್ಮೂರಿನ ಬಂಡೆಗಳು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವರು 1892ರಲ್ಲಿ ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ ಇದು. ಚಪಡನೆಂಬ ಲಿಪಿಕಾರ ತನ್ನ ಹೆಸರಿನ ಮುಂದಿನ ಪದವನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಆ ಕಾಲದ ಮಹಾಶಕ್ತಿಯ ಕೈ ಎಲ್ಲಿಂದ ಎಲ್ಲಿಯವರೆಗೆ ಚಾಚಿತ್ತೆಂಬುದಕ್ಕೆ ಈ ಒಂದು ಪದವೇ ಸಾಕ್ಷಿ.

ಇಸಿಲ ಮೌರ್ಯ ಸಾಮ್ರಾಜ್ಯದ ದಕ್ಷಿಣದ ಗಡಿಠಾಣೆಗಳಲ್ಲಿ ಒಂದು. ಆದರೂ ಅಲ್ಲಿಗೆ ಬಂದ ಆಜ್ಞೆಯಲ್ಲಿ ಸೈನ್ಯದ ಮಾತಿಲ್ಲ. ತಂದೆತಾಯಿಯರ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ, ಗುರುವಿನಲ್ಲಿ ಗೌರವ ಇವುಗಳ ಮಾತಿದೆ. ದೊಡ್ಡವರಂತೆ ಚಿಕ್ಕವರೂ ಶ್ರಮಪಟ್ಟರೆ ಫಲ ದೊರೆಯುವುದೆಂಬ ಮಾತಿದೆ. ಕಳಿಂಗದಲ್ಲಿ ಒಂದು ಲಕ್ಷ ಜನರನ್ನು ಕೊಂದ ಮೇಲೆ ಈ ವಿವೇಕ ಬಂದಿತೆಂಬುದನ್ನು ಅಶೋಕನು ಬೇರೆಡೆಯ ತನ್ನ ಶಾಸನದಲ್ಲಿ ತಾನೇ ಒಪ್ಪಿಕೊಂಡಿದ್ದಾನೆ. ಮಹಾಶಕ್ತಿಯೊಂದು ತನ್ನ ಗಡಿಯ ಜನರೊಡನೆ ಹೇಗೆ ಮಾತನಾಡಬಹುದು ಎಂಬ ಮಾದರಿಯೊಂದು ಈ ತಾಲ್ಲೂಕಿನ ಕಲ್ಲಿನಲ್ಲಿ ಉಳಿದಿದೆ.

ಎತ್ತಿನ ಬಲದ ಯುದ್ಧಗಳು

ಹದಿನೆಂಟನೆಯ ಶತಮಾನದಲ್ಲಿ ಈ ಸೀಮೆ ಮತ್ತೊಮ್ಮೆ ದೊಡ್ಡವರ ಕಾಳಗದ ನಡುವೆ ಸಿಕ್ಕಿತು. ಒಂದು ಕಡೆ ಮರಾಠರು, ಇನ್ನೊಂದು ಕಡೆ ಏಳುತ್ತಿದ್ದ ಹೈದರಾಲಿ. ಚಿತ್ರದುರ್ಗದ ಪಾಳೆಯಗಾರ ಮದಕರಿನಾಯಕನು ಒಮ್ಮೆ ಒಬ್ಬರ, ಮತ್ತೊಮ್ಮೆ ಇನ್ನೊಬ್ಬರ ಪಕ್ಷ ವಹಿಸಿ ಉಳಿಯಲು ನೋಡಿದನು. 1779ರಲ್ಲಿ ದುರ್ಗ ಹೈದರನ ವಶವಾಯಿತು. ನಾಯಕನು ಶ್ರೀರಂಗಪಟ್ಟಣದ ಸೆರೆಗೆ ಹೋದನು. ಅವನೊಡನೆ ಸಾವಿರಾರು ಬೇಡರ ಕುಟುಂಬಗಳೂ ಅಲ್ಲಿಗೆ ಸಾಗಿಸಲ್ಪಟ್ಟವು. ಇಬ್ಬರು ಬಲಾಢ್ಯರ ನಡುವಿನ ಚಿಕ್ಕ ರಾಜ್ಯಕ್ಕೆ ಜಾಣತನವೊಂದೇ ಸಾಲದೆಂಬುದನ್ನು ಇದು ತೋರಿಸುತ್ತದೆ.

ಆ ಬಳಿಕ ಹೈದರ್ ಮತ್ತು ಟಿಪ್ಪುವಿನ ಮೈಸೂರು ಎದುರಿಸಿದ್ದು ಬ್ರಿಟಿಷರನ್ನು. ಆ ಯುದ್ಧಗಳ ಯಂತ್ರ ಯಾವುದೆಂದು ಕೇಳಿದರೆ ಉತ್ತರ ಎತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ'ಯಾಗಿದ್ದ ರಾಜ್ಯದ ಗೋಸಂಪತ್ತಿನ ಇಲಾಖೆಗೆ ಟಿಪ್ಪು 'ಅಮೃತ ಮಹಲ್' ಎಂದು ಹೆಸರಿಟ್ಟನು. ತೋಪುಗಳನ್ನೂ ಮದ್ದುಗುಂಡನ್ನೂ ಎಳೆದು ಶತ್ರು ಊಹಿಸಲಾರದ ವೇಗದಲ್ಲಿ ಸಾಗುತ್ತಿದ್ದ ಈ ತಳಿಯ ಎತ್ತುಗಳೇ ಮೈಸೂರು ಸೈನ್ಯದ ಬೆನ್ನೆಲುಬು. ಅವುಗಳಿಗಾಗಿ ರಾಜ್ಯದುದ್ದಕ್ಕೂ ಹುಲ್ಲುಗಾವಲುಗಳನ್ನು ಮೀಸಲಿಟ್ಟು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಲಾಗಿತ್ತು. ಇವೇ ಅಮೃತ ಮಹಲ್ ಕಾವಲುಗಳು. ಚಳ್ಳಕೆರೆಯ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳು ಆ ಪರಂಪರೆಯವು.

1799ರಲ್ಲಿ ಟಿಪ್ಪು ಮಡಿದ ಮೇಲೆ ಬ್ರಿಟಿಷರು ಈ ಎತ್ತುಗಳನ್ನು ತಮ್ಮ ತೋಪುಗಳಿಗೆ ಕಟ್ಟಿಕೊಂಡರು. 1803ರಲ್ಲಿ ಮರಾಠರ ಮೇಲೆ ಆರ್ಥರ್ ವೆಲ್ಲೆಸ್ಲಿ ನಡೆಸಿದ ದಂಡಯಾತ್ರೆಗೂ ಮೈಸೂರಿನ ಎತ್ತುಗಳು ನೆರವಾದವು. 1860ರಲ್ಲಿ ಮಿತವ್ಯಯದ ನೆಪದಿಂದ ಸರ್ಕಾರ ಹಿಂಡನ್ನು ಮಾರಿಬಿಟ್ಟಿತು. ಕೆಲವೇ ವರ್ಷಗಳಲ್ಲಿ ಪಶ್ಚಾತ್ತಾಪಪಟ್ಟು 1866ರಲ್ಲಿ ಮರಳಿ ಸ್ಥಾಪಿಸಿತು.

ವಿದ್ಯಾರ್ಥಿಗಳು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಅಂದಿನ ಯುದ್ಧಕ್ಕೆ ಹುಲ್ಲು ಜೀವಂತವಾಗಿರಬೇಕಿತ್ತು. ಹುಲ್ಲು ಒಣಗಿದರೆ ಎತ್ತು ಸೊರಗುತ್ತಿತ್ತು. ಎತ್ತು ಸೊರಗಿದರೆ ತೋಪು ನಿಲ್ಲುತ್ತಿತ್ತು. ಆದ್ದರಿಂದ ರಾಜರೂ ದೊರೆಗಳೂ ಕಾವಲನ್ನು ಕಾದರು. ಅವರ ಉದ್ದೇಶ ಕೃಷ್ಣಮೃಗವನ್ನಾಗಲಿ ಎರೆಭೂತ ಹಕ್ಕಿಯನ್ನಾಗಲಿ ಉಳಿಸುವುದಾಗಿರಲಿಲ್ಲ. ಆದರೂ ಅವು ಉಳಿದವು. ಯುದ್ಧದ ಯಂತ್ರ ಬದಲಾದ ದಿನ ಆ ರಕ್ಷಣೆಯ ಕಾರಣವೂ ಕಳಚಿಬಿತ್ತು. ಒಂದು ಕಾಲದಲ್ಲಿ ಲಕ್ಷಾಂತರ ಎಕರೆಗಳಷ್ಟಿದ್ದ ಕಾವಲುಗಳು ಸ್ವಾತಂತ್ರ್ಯದ ನಂತರ ಸಾಗುವಳಿಗೆ, ವಸತಿಗೆ, ಯೋಜನೆಗಳಿಗೆ ಹಂಚಿಹೋದವು.

ಗೋಡೆ ಎದ್ದ ಬಗೆ

ಇಪ್ಪತ್ತೊಂದನೆಯ ಶತಮಾನದಲ್ಲಿ ಪೈಪೋಟಿ ಮತ್ತೆ ಕಾವಲಿಗೆ ಬಂದಿತು. ಅದರ ಹಿನ್ನೆಲೆ ಹೀಗಿದೆ. 1990ರ ದಶಕದ ಆರಂಭದಲ್ಲಿ ರಷ್ಯಾವು ಭಾರತಕ್ಕೆ ಕ್ರಯೋಜೆನಿಕ್ ರಾಕೆಟ್ ತಂತ್ರಜ್ಞಾನವನ್ನು ಕೊಡದಂತೆ ಅಮೆರಿಕ ಒತ್ತಡ ಹೇರಿತು. 1998ರ ಮೇ ತಿಂಗಳಲ್ಲಿ ಪೋಖರಣ್‌ನಲ್ಲಿ ಅಣುಪರೀಕ್ಷೆ ನಡೆದಾಗ ದಿಗ್ಬಂಧನ ವಿಧಿಸಿತು. ಚೀನಾದ ಬೆಳವಣಿಗೆ ಕಣ್ಣಿಗೆ ಬೀಳತೊಡಗಿದಂತೆ ಅದೇ ಅಮೆರಿಕ 2005ರ ಜುಲೈನಲ್ಲಿ ಭಾರತದೊಡನೆ ಅಣು ಸಹಕಾರದ ಹೇಳಿಕೆಗೆ ಸಹಿ ಹಾಕಿತು. 2008ರಲ್ಲಿ ಒಪ್ಪಂದ ಪೂರ್ಣಗೊಂಡಿತು. ಭಾರತವು ತನ್ನ ಅಣು ಸ್ಥಾವರಗಳನ್ನು ನಾಗರಿಕ ಮತ್ತು ಸೈನಿಕ ಎಂದು ಎರಡಾಗಿ ಬೇರ್ಪಡಿಸಿತು. ಏಳುತ್ತಿರುವ ದೇಶಕ್ಕೆ ಸ್ವಂತದ ಅಣುಶಕ್ತಿ, ಸ್ವಂತದ ವಿಮಾನ, ಸ್ವಂತದ ಉಪಗ್ರಹ ಬೇಕಿತ್ತು. ಅವುಗಳಿಗೆ ವಿಶಾಲವಾದ, ಮರವಿಲ್ಲದ, ಜನವಿರಳವಾದ ಭೂಮಿ ಬೇಕಿತ್ತು.

2007ರ ನಂತರದ ಕೆಲವೇ ವರ್ಷಗಳಲ್ಲಿ ಚಳ್ಳಕೆರೆಯ ಕಾವಲುಗಳಿಂದ 9,000 ಎಕರೆಗೂ ಮಿಕ್ಕಿ ಭೂಮಿ ಹಂಚಿಕೆಯಾಯಿತು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ ವರವು ಕಾವಲಿನಲ್ಲಿ ಸುಮಾರು 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಉಳ್ಳಾರ್ತಿಯಲ್ಲಿ ಸುಮಾರು 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ ಕುದಾಪುರದಲ್ಲಿ 1,500 ಎಕರೆ, ಇಸ್ರೋಗೆ 573 ಎಕರೆ; ಇವುಗಳ ಜೊತೆಗೆ ಖಾಸಗಿ ಸೌರವಿದ್ಯುತ್ ಯೋಜನೆಯೊಂದಕ್ಕೂ ಭೂಮಿ ದೊರೆಯಿತು. ಕುರಿ, ದನ ಮೇಯಿಸುತ್ತಿದ್ದ ಜನರಿಗೆ ವಿಷಯ ಸ್ಪಷ್ಟವಾದದ್ದು ಬೇಲಿ ಮತ್ತು ಗೋಡೆಗಳು ಎದ್ದಾಗ.

ಆ ಕಾವಲು ಬರಿದಾಗಿರಲಿಲ್ಲ. ಕುರಿಗಾಹಿಗಳ ಹಿಂಡು, ಆ ಹಿಂಡಿನ ಉಣ್ಣೆಯಿಂದ ಕಂಬಳಿ ನೇಯುವ ಮನೆಗಳು, ಮ್ಯಾಸನಾಯಕ ಸಮುದಾಯದ ದೇವರ ಎತ್ತುಗಳು, ಅವನ್ನು ಕಾಯುವ ಕಿಲಾರಿಗಳು, ಗೊಲ್ಲರ ಹಟ್ಟಿಗಳು, ಎಲ್ಲರ ಬಾಳೂ ಅದರ ಮೇಲೆ ನಿಂತಿತ್ತು. ಮಾರಾಟಕ್ಕಿಲ್ಲದ, ಉಳುಮೆಗೂ ಹೂಡದ ದೇವರ ಎತ್ತುಗಳಿಗೆ ಬರಗಾಲದಲ್ಲಿ ಮೇವು ಹೊಂದಿಸುವುದು ಈ ಸೀಮೆಯಲ್ಲಿ ಪ್ರತಿ ಬೇಸಿಗೆಯ ಚಿಂತೆ. ನಕ್ಷೆಯಲ್ಲಿ ಖಾಲಿ ಎಂದು ತೋರುವ ಜಾಗ ಹಳ್ಳಿಯ ಲೆಕ್ಕದಲ್ಲಿ ಖಾಲಿಯಾಗಿರಲಿಲ್ಲ.

ಹಳ್ಳಿಗರು ಪ್ರತಿಭಟಿಸಿದರು. ಪರಿಸರ ಸಂಘಟನೆಗಳ ಅರ್ಜಿಯ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2013ರಲ್ಲಿ ಸತ್ಯಶೋಧನೆಗೆ ತಜ್ಞರನ್ನು ಕಳುಹಿಸಿತು. 2014ರ ಆಗಸ್ಟ್‌ನಲ್ಲಿ ಅಂತಿಮ ಆದೇಶ ಬಂದಿತು. ಭೂಮಿ ಹಂಚಿಕೆ ರದ್ದಾಗಲಿಲ್ಲ. ಸಂಸ್ಥೆಗಳ ಕಾಮಗಾರಿ ಮುಂದುವರಿಯಿತು.

ಅಷ್ಟರಲ್ಲಿ ಉಳ್ಳಾರ್ತಿ ಕಾವಲು ವಿದೇಶಗಳಲ್ಲಿಯೂ ಹೆಸರಾಯಿತು. 2015ರ ಡಿಸೆಂಬರ್‌ನಲ್ಲಿ ಅಮೆರಿಕದ 'ಫಾರಿನ್ ಪಾಲಿಸಿ' ಪತ್ರಿಕೆ ಇಲ್ಲಿ ರಹಸ್ಯ ಅಣು ನಗರ ನಿರ್ಮಾಣವಾಗುತ್ತಿದೆ ಎಂಬ ಲೇಖನ ಪ್ರಕಟಿಸಿತು. 2017ರಲ್ಲಿ ಪಾಕಿಸ್ತಾನದ ವಿದೇಶಾಂಗ ಇಲಾಖೆ ಇದೇ ಆರೋಪ ಮಾಡಿದಾಗ ಭಾರತ ಸರ್ಕಾರ ಅದನ್ನು ಕೇವಲ ಕಲ್ಪನೆಯೆಂದು ತಳ್ಳಿಹಾಕಿತು. ವಾಷಿಂಗ್ಟನ್ನಿನಲ್ಲಿ, ಇಸ್ಲಾಮಾಬಾದಿನಲ್ಲಿ, ದೆಹಲಿಯಲ್ಲಿ ಈ ಕಾವಲಿನ ಬಗ್ಗೆ ಮಾತು ನಡೆಯಿತು. ಅಲ್ಲಿ ಮೇಯುತ್ತಿದ್ದ ಕುರಿಗಳ ವಿಷಯ ಆ ಮಾತಿನಲ್ಲಿ ಮುಖ್ಯವಾಗಲಿಲ್ಲ.

ಆಕಾಶದಲ್ಲಿ ಕಂಡ ಜಗತ್ತು

2017ರ ಮೇ 28ರಂದು ವರವು ಕಾವಲಿನಲ್ಲಿ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಚಾಲಕರಹಿತ 'ತಪಸ್' ವಿಮಾನದ ಹಾರಾಟ ಇಲ್ಲಿ ನಡೆಯಿತು. ಅದು 2019ರ ಸೆಪ್ಟೆಂಬರ್‌ನಲ್ಲಿ ಜೋಡಿಚಿಕ್ಕೇನಹಳ್ಳಿಯ ಬಳಿ, 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ಹೊಲದಲ್ಲಿ ಬಿದ್ದಿತು. ಅದೃಷ್ಟವಶಾತ್ ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಅಪೇಕ್ಷಿಸಿದ ಎತ್ತರ ಮತ್ತು ಅವಧಿಯನ್ನು ಮುಟ್ಟದ ಆ ವಿಮಾನವನ್ನು ಬಳಿಕ ಆದ್ಯತೆಯ ಯೋಜನೆಗಳ ಪಟ್ಟಿಯಿಂದ ಕೈಬಿಡಲಾಯಿತು. 2024ರ ಅಕ್ಟೋಬರ್‌ನಲ್ಲಿ ಭಾರತ ಅಮೆರಿಕದಿಂದ 31 ಎಂ.ಕ್ಯೂ-9ಬಿ ಚಾಲಕರಹಿತ ವಿಮಾನಗಳನ್ನು ಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿತು.

ಯಶಸ್ಸಿನ ಕಥೆಯೂ ಇದೆ. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ಉಡಾವಣಾ ವಾಹನವನ್ನು ಹೆಲಿಕಾಪ್ಟರೊಂದು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ತಾನೇ ದಾರಿ ಹುಡುಕಿ ಇಲ್ಲಿನ ರನ್‌ವೇ ಮೇಲೆ ಇಳಿಯಿತು. 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಇನ್ನೂ ಕಠಿಣವಾದ ಪರೀಕ್ಷೆಗಳಲ್ಲಿಯೂ ಗೆದ್ದಿತು. ಭಾರತದ ಈ ಸ್ವಾವಲಂಬನೆಯ ನೌಕೆಯನ್ನು ಹೊತ್ತೊಯ್ದ ಚಿನೂಕ್ ಹೆಲಿಕಾಪ್ಟರ್ ಅಮೆರಿಕದಲ್ಲಿ ತಯಾರಾದುದು. ಏಳುತ್ತಿರುವ ಶಕ್ತಿಯು ನೆಲೆನಿಂತ ಶಕ್ತಿಯೊಡನೆ ಪೈಪೋಟಿಗಿಳಿಯುತ್ತಲೇ ಅದನ್ನು ಅವಲಂಬಿಸಿರುತ್ತದೆ ಎಂಬ ಮಾತು ಚಳ್ಳಕೆರೆಯ ಆಕಾಶದಲ್ಲಿ ಕಣ್ಣಿಗೆ ಕಾಣುವಂತಿತ್ತು. ಈ ಅವಲಂಬನೆಗೆ ಬೆಲೆಯೂ ಉಂಟು. ಭಾರತವು ರಷ್ಯಾದ ತೈಲ ಕೊಳ್ಳುತ್ತಿದೆಯೆಂಬ ಕಾರಣವನ್ನೂ ಮುಂದಿಟ್ಟು 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಬಹುಪಾಲು ಸರಕುಗಳ ಮೇಲೆ ಶೇಕಡ 50ರ ಸುಂಕ ಹೇರಿತು.

ಅದಿರು ಮತ್ತು ರೇಷ್ಮೆ

ಇದು ಬಯಲುಸೀಮೆಯ ಪಾಡು, ಗುಡ್ಡದವರಿಗೇನು ಎಂದು ಯಾರೂ ಭಾವಿಸಬೇಕಿಲ್ಲ. ಕುದುರೆಮುಖದ ಗಣಿ ಹುಟ್ಟಿದ್ದೇ 1970ರ ದಶಕದಲ್ಲಿ ಅಮೆರಿಕದ ಆಪ್ತನಾಗಿದ್ದ ಇರಾನಿನ ಶಹನ ಉಕ್ಕಿನ ಕನಸಿಗಾಗಿ, ಇರಾನಿನ ಸಾಲದ ಭರವಸೆಯ ಮೇಲೆ. 1979ರ ಕ್ರಾಂತಿಯಲ್ಲಿ ಶಹ ಪದಚ್ಯುತನಾದನು. ಇರಾನ್ ಅದಿರು ಕೊಳ್ಳಲಿಲ್ಲ. ಆದರೆ ಅಷ್ಟರಲ್ಲಿ ಬೆಟ್ಟಕ್ಕೆ ಯಂತ್ರ ಬಂದಾಗಿತ್ತು. ಬೇರೆ ಗಿರಾಕಿಗಳನ್ನು ಹುಡುಕಿ, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಅಂತ್ಯದಲ್ಲಿ ನಿಲ್ಲುವವರೆಗೂ ಭದ್ರೆಯ ತವರಿನಲ್ಲಿ ಗಣಿಗಾರಿಕೆ ನಡೆಯಿತು. ತೆಹರಾನಿನ ಬೀದಿಯ ಘಟನೆಗೂ ಭದ್ರಾ ನದಿಯ ಕೆಂಪು ನೀರಿಗೂ ನಡುವೆ ಇದ್ದ ದಾರಿ ಇದು.

ಮುಂದಿನ ಸರದಿ ಚೀನಾದ್ದು. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಸಿದ್ಧತೆ ಮತ್ತು ಚೀನಾ ನಗರಗಳ ಅಪಾರ ಬೆಳವಣಿಗೆಯಿಂದ ಅದಿರಿನ ಬೆಲೆ ಏರಿದಾಗ, ಮೊಳಕಾಲ್ಮೂರಿಗೆ ತಾಗಿಕೊಂಡಂತಿರುವ ಬಳ್ಳಾರಿ ಸೀಮೆಯ ಬೆಟ್ಟಗಳು ಲಾರಿ ಹತ್ತಿದವು. 2010ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಷೇಧಿಸಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೂ, ಆಗಸ್ಟ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನೂ ತಡೆಯಿತು.

ರೇಷ್ಮೆಯ ಕಥೆ ಇನ್ನಷ್ಟು ಸೂಕ್ಷ್ಮ. ಮೊಳಕಾಲ್ಮೂರಿನ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಜಗತ್ತಿನ ರೇಷ್ಮೆಯಲ್ಲಿ ಬಹುಪಾಲು ಚೀನಾದ್ದು. ಎರಡನೆಯ ಸ್ಥಾನ ಭಾರತದ್ದು. 2011ರ ಕೇಂದ್ರ ಬಜೆಟ್ಟು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿದಾಗ ಕರ್ನಾಟಕದ ಗೂಡಿನ ಬೆಲೆ ಕುಸಿದು ಬೆಳೆಗಾರರು ಬೀದಿಗಿಳಿದರು; 2013ರಲ್ಲಿ ಸುಂಕ ಶೇಕಡ 15ಕ್ಕೆ ಏರಿತು. ಚೀನಾದ ನೂಲು ಅಗ್ಗವಾದರೆ ಮಗ್ಗದವನಿಗೆ ನೆಮ್ಮದಿ, ಹಿಪ್ಪುನೇರಳೆ ಬೆಳೆದವನಿಗೆ ನಷ್ಟ. ಒಂದೇ ಊರಿನ ಇಬ್ಬರು ಅಣ್ಣತಮ್ಮಂದಿರ ಹಿತಗಳು ಬೇರೆ ಬೇರೆಯಾಗುತ್ತವೆ. ದೂರದ ಪೈಪೋಟಿ ಊರೊಳಗಿನ ನಂಟನ್ನು ಸೀಳುವ ಬಗೆ ಇದು. ಚೀನಾವನ್ನು ಬೈಯುವುದರಿಂದಾಗಲಿ ಅಮೆರಿಕವನ್ನು ಹೊಗಳುವುದರಿಂದಾಗಲಿ ಈ ತೊಡಕು ಬಗೆಹರಿಯುವುದಿಲ್ಲ.

ದೇಶದ ರಕ್ಷಣೆ ಮತ್ತು ಊರಿನ ರಕ್ಷಣೆ

ದೇಶಕ್ಕೆ ರಕ್ಷಣೆ ಬೇಡವೇ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. 2020ರ ಜೂನ್‌ನಲ್ಲಿ ಗಾಲ್ವಾನ್ ಕಣಿವೆಯಲ್ಲಿ 20 ಮಂದಿ ಭಾರತೀಯ ಯೋಧರು ಪ್ರಾಣ ತೆತ್ತರು. ಗಡಿಯ ಅಪಾಯ ಕಲ್ಪನೆಯಲ್ಲ. ಕುದಾಪುರದ ಆವರಣದಲ್ಲಿ ಸಾವಿರಾರು ವಿಜ್ಞಾನ ಶಿಕ್ಷಕರು ತರಬೇತಿ ಪಡೆದಿರುವುದೂ ಸತ್ಯವೇ. ವಿಮಾನ ಪರೀಕ್ಷೆಗೆ ಬಯಲು ಬೇಕೆಂಬುದನ್ನು ಯಾವ ಕುರಿಗಾಹಿಯೂ ಅಲ್ಲಗಳೆಯಲಾರನು.

ಪ್ರಶ್ನೆ ಇರುವುದು ಬೇರೆಡೆ. ಹುಲ್ಲುಗಾವಲಿನ ಅಗತ್ಯ ಎಷ್ಟು, ಯಾವ ಭಾಗ ಬಿಟ್ಟುಕೊಡಬಹುದು, ಮೇವಿಗೆ ಪರ್ಯಾಯವೇನು ಎಂದು ಆ ನೆಲದ ಮೇಲೆ ಬದುಕುವವರನ್ನು ಮೊದಲೇ ಕೇಳಬಹುದಿತ್ತು. ಗೋಡೆಯ ಹೊರಗೆ ಮೇವಿನ ದಾರಿಗಳನ್ನೂ ನೀರಿನ ದಾರಿಗಳನ್ನೂ ಉಳಿಸುವಂತೆ ನಕ್ಷೆ ಬರೆಯಬಹುದಿತ್ತು. ರಹಸ್ಯ ಕಾಯಬೇಕಾದದ್ದು ಯಂತ್ರದ ವಿಷಯದಲ್ಲಿ; ಕುರಿ ಎಲ್ಲಿ ಮೇಯಬೇಕೆಂಬುದರಲ್ಲಿ ದೇಶದ ರಹಸ್ಯವೇನೂ ಅಡಗಿಲ್ಲ. ರಾಜರ ಕಾಲದ ಕಾವಲು ರಾಜರ ಅನುಕೂಲದ ಮೇಲೆ ನಿಂತಿತ್ತು. ಆದ್ದರಿಂದಲೇ ಅನುಕೂಲ ಮುಗಿದಾಗ ಅದು ಉಳಿಯಲಿಲ್ಲ. ಇನ್ನು ಮುಂದೆ ಅದು ಜನರ ಹಕ್ಕಿನ ಮೇಲೆ ನಿಲ್ಲಬೇಕು.

ಅದಕ್ಕೆ ಸಾಧನಗಳಿವೆ. 2002ರ ಜೀವವೈವಿಧ್ಯ ಕಾಯ್ದೆಯು ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಕೊಟ್ಟಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯು ಕಡತ ಕೇಳುವ ಅಧಿಕಾರ ಕೊಟ್ಟಿದೆ. 2006ರ ಅರಣ್ಯ ಹಕ್ಕು ಕಾಯ್ದೆಯು ಮೇಯಿಸುವ ಹಕ್ಕನ್ನೂ ಅಲೆಮಾರಿ ಪಶುಪಾಲಕರ ಹಕ್ಕನ್ನೂ ಹೆಸರಿಸಿ ಮನ್ನಿಸಿದೆ. 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಊರ ಸಾಮೂಹಿಕ ಭೂಮಿಯ ಒತ್ತುವರಿಯನ್ನು ತೆರವುಗೊಳಿಸುವಂತೆ ಎಲ್ಲ ರಾಜ್ಯಗಳಿಗೂ ಹೇಳಿದೆ.

ಇವು ತಾವಾಗಿ ಕೆಲಸ ಮಾಡುವುದಿಲ್ಲ. ವಿದ್ಯಾರ್ಥಿಗಳು ತಮ್ಮ ಊರಿನ ಗೋಮಾಳ, ಕಾವಲು, ಸೊಪ್ಪಿನ ಬೆಟ್ಟ, ಕಾನುಗಳ ಸರ್ವೆ ನಂಬರನ್ನು ಪಹಣಿಯಲ್ಲಿ ನೋಡಿ ಬರೆದಿಟ್ಟುಕೊಳ್ಳಲಿ. ಯಾವ ತಿಂಗಳಲ್ಲಿ ಯಾರ ಹಿಂಡು ಎಲ್ಲಿ ಮೇಯುತ್ತದೆ, ಯಾವ ಹುಲ್ಲು ಯಾವಾಗ ತೆನೆ ಬಿಡುತ್ತದೆ ಎಂಬುದನ್ನು ಹಿರಿಯರಿಂದ ಕೇಳಿ ದಾಖಲಿಸಲಿ. ಹಿರಿಯರು ಆ ದಾಖಲೆಯನ್ನು ಗ್ರಾಮಸಭೆಯ ನಡಾವಳಿಗೆ ಸೇರಿಸಲಿ. ಬ್ರಹ್ಮಗಿರಿಯ ಶಾಸನ ಎರಡು ಸಾವಿರ ವರ್ಷಗಳಿಗೂ ಮೀರಿ ಉಳಿದದ್ದು ಅದನ್ನು ಕಲ್ಲಿನಲ್ಲಿ ಬರೆದಿದ್ದರಿಂದ. ಕಾವಲಿನ ಮೇಲಿನ ಹಳ್ಳಿಗರ ಹಕ್ಕು ಎಲ್ಲಿಯೂ ಬರೆದಿರದ ರೂಢಿಯಾಗಿಯೇ ಉಳಿದಿತ್ತು. ಗೋಡೆ ಕಟ್ಟುವವರಿಗೆ ಅದು ಕಾಣಿಸಲಿಲ್ಲ. ಮುಂದಿನ ನಕ್ಷೆ ಗುಡ್ಡದ ಕಡೆಗೆ ಬರುವ ಮೊದಲು ಊರಿನ ಲೆಕ್ಕ ಊರಿನವರ ಕೈಯಲ್ಲಿಯೇ ಸಿದ್ಧವಾಗಿರಲಿ.